ಕ್ರಿಸ್ತರಾಜರ ಹಬ್ಬ, ಸಂವಿಧಾನ ಮತ್ತು ಉಡುಪಿಯ ಒಂದು ಮೊಕದ್ದಮೆ



ನವೆಂಬರ್ ತಿಂಗಳ ಕೊನೆಗೆ ನಮ್ಮ ಕ್ಯಾಲೆಂಡರಿನಲ್ಲಿ ಎರಡು ದಿನಗಳು ಹತ್ತಿರ ಹತ್ತಿರ ಬರುತ್ತವೆ. ಪೂಜಾವರ್ಷದ ಕೊನೆಯ ಭಾನುವಾರ ಕ್ರಿಸ್ತರಾಜರ ಮಹೋತ್ಸವ. ಅದು ನವೆಂಬರ್ 20ರಿಂದ 26ರ ಒಳಗೆ ಬೀಳುತ್ತದೆ. ನವೆಂಬರ್ 26 ಸಂವಿಧಾನ ದಿನ. 1949ರಲ್ಲಿ ಅದೇ ದಿನ ಸಂವಿಧಾನ ಸಭೆಯು ನಮ್ಮ ಸಂವಿಧಾನವನ್ನು ಅಂಗೀಕರಿಸಿತು. 2023ರಲ್ಲಿ ಎರಡೂ ಒಂದೇ ದಿನ ಬಂದಿದ್ದವು. ಚರ್ಚಿನಲ್ಲಿ ಕ್ರಿಸ್ತನೇ ರಾಜನೆಂದು ಹಾಡುವ ಮಕ್ಕಳು ಶಾಲೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದುತ್ತಾರೆ. ಅಲ್ಲಿ ರಾಜನ ಮಾತಿಲ್ಲ. ಈ ರಾಷ್ಟ್ರಕ್ಕೆ ತನ್ನದೆಂಬ ಒಂದು ಧರ್ಮವೂ ಇಲ್ಲ. ಹಾಗಾದರೆ ಈ ಎರಡು ಮಾತು ಒಟ್ಟಿಗೆ ಹೇಗೆ ನಿಲ್ಲುತ್ತವೆ ಎಂದು ಧರ್ಮೋಪದೇಶದ ತರಗತಿಯಲ್ಲಿ ದೊಡ್ಡ ಮಕ್ಕಳು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ.

ಈ ವಿಷಯ ಬಂದಾಗ ಓದಿದವರು ಸಾಮಾನ್ಯವಾಗಿ ಅಮೆರಿಕದ ಉದಾಹರಣೆ ಕೊಡುತ್ತಾರೆ. ಅಲ್ಲಿಯ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿಯ ಪ್ರಕಾರ ಅಲ್ಲಿಯ ಸಂಸತ್ತು ಯಾವ ಧರ್ಮವನ್ನೂ ಸರ್ಕಾರಿ ಧರ್ಮವಾಗಿ ಸ್ಥಾಪಿಸುವಂತಿಲ್ಲ, ಯಾರ ಧರ್ಮಾಚರಣೆಗೂ ಅಡ್ಡಿ ಮಾಡುವಂತಿಲ್ಲ. 1802ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಡ್ಯಾನ್‌ಬರಿ ಎಂಬ ಊರಿನ ಬ್ಯಾಪ್ಟಿಸ್ಟ್ ಸಭೆಯವರಿಗೆ ಪತ್ರ ಬರೆಯುತ್ತಾ ಇದನ್ನು ಧರ್ಮಸಭೆಗೂ ಸರ್ಕಾರಕ್ಕೂ ನಡುವಿನ ಗೋಡೆಗೆ ಹೋಲಿಸಿದರು. ಅಂದಿನಿಂದ ಗೋಡೆಯ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕ್ರೈಸ್ತ ಕುಟುಂಬಗಳು ಈ ವಿಷಯವನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಸರ್ಕಾರದ ಕೈ ಧರ್ಮದೊಳಗೆ ಎಲ್ಲಿಯವರೆಗೆ ಬರಬಹುದು ಎಂಬುದನ್ನು ಈ ದೇಶಕ್ಕೆ ಮೊದಲು ತೀರ್ಮಾನಿಸಿಕೊಟ್ಟ ಮೊಕದ್ದಮೆ ಹುಟ್ಟಿದ್ದು ಉಡುಪಿಯಲ್ಲಿ. ಅದನ್ನು ನಡೆಸಿದವರು ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳು. ಆ ತೀರ್ಪಿನ ನೆರಳಿನಲ್ಲಿ ನಾವೂ ನಿಂತಿದ್ದೇವೆ. ನಮ್ಮಲ್ಲಿ ಅದನ್ನು ತಿಳಿದವರು ಕಡಿಮೆ.

ಅದಕ್ಕೆ ಮುಂಚೆ, ಸಂವಿಧಾನ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಹೇಗೆ ಬದುಕಿದರು ಎಂಬುದನ್ನು ಸ್ವಲ್ಪ ನೆನೆಯಬೇಕು.

ಆಗ ಎಲ್ಲವೂ ಅರಸನ ಮನಸ್ಸು. 1678ರಲ್ಲಿ ಕೆಳದಿಯ ಅರಸರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಕರಾವಳಿಯ ಕಲ್ಯಾಣಪುರ, ಭಟ್ಕಳ ಮುಂತಾದ ಕಡೆ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಅರಸನು ಕೊಟ್ಟದ್ದು ಅನುಮತಿ, ಅದು ಹಕ್ಕಲ್ಲ. ಅನುಮತಿಯನ್ನು ಹಿಂದೆಗೆದುಕೊಳ್ಳಲು ಇನ್ನೊಬ್ಬ ಅರಸ ಸಾಕು. 1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ನಮ್ಮ ಪೂರ್ವಜರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ಕತೆ ಪ್ರತಿ ಮನೆಯಲ್ಲೂ ಗೊತ್ತು. ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪ ಅವರ ಮೇಲಿತ್ತು. ಗುರುಗಳನ್ನು ಗೋವಾಕ್ಕೆ ಗಡೀಪಾರು ಮಾಡಲಾಯಿತು. ಮಂಗಳೂರಿನ ಮಿಲಾಗ್ರಿಸ್, ಉಳ್ಳಾಲ, ಮೂಲ್ಕಿ, ಕಿರೆಂ, ಕಾರ್ಕಳ, ಬಾರ್ಕೂರು, ಹೀಗೆ ಒಂದೊಂದೇ ಇಗರ್ಜಿ ನೆಲಸಮವಾಯಿತು. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಗುಡ್ಡದ ಮೇಲಿದ್ದ, ವಂದನೀಯ ಜೋಕಿಂ ಮಿರಾಂದ ಸ್ವಾಮಿಗಳ ಸೆಮಿನರಿಯೂ ಉಳಿಯಲಿಲ್ಲ.

ಉಳಿದದ್ದು ಮೂಡುಬಿದಿರೆ ಬಳಿಯ ಹೊಸ್ಪೇಟಿನ ಪವಿತ್ರ ಶಿಲುಬೆಯ ಇಗರ್ಜಿ. ಅದು ಉಳಿಯಲು ಕಾರಣ ಮೂಡುಬಿದಿರೆಯ ಚೌಟ ಅರಸರು ಅದರ ಪರವಾಗಿ ಆಡಿದ ಮಾತು ಎಂದು ಇತಿಹಾಸಕಾರರು ಬರೆದಿದ್ದಾರೆ. ಚೌಟರು ಜೈನರು. ಒಬ್ಬ ಮುಸಲ್ಮಾನ ಸುಲ್ತಾನನ ಎದುರು ಒಬ್ಬ ಜೈನ ಅರಸ ಕ್ರೈಸ್ತರ ಇಗರ್ಜಿಗಾಗಿ ಬೇಡಿಕೊಂಡ ಈ ಸಂಗತಿಯನ್ನು ಸೆರೆವಾಸದ ಕತೆ ಹೇಳುವಾಗ ನಾವು ಬಿಟ್ಟುಬಿಡುತ್ತೇವೆ. ಬಿಡಬಾರದು. ಆದರೆ ಇನ್ನೊಂದು ಮಾತನ್ನೂ ಗಮನಿಸಬೇಕು: ಕೆಡವಿದ ಇಗರ್ಜಿಗಳೂ ಅರಸನ ಇಚ್ಛೆಯಿಂದ ಹೋದವು, ಉಳಿದ ಒಂದು ಇಗರ್ಜಿಯೂ ಅರಸನ ಕೃಪೆಯಿಂದಲೇ ಉಳಿಯಿತು. ಒಳ್ಳೆಯ ನೆರೆಯವನಿದ್ದಲ್ಲಿ ಬದುಕು, ಇಲ್ಲದಲ್ಲಿ ಸೆರೆ.

ನಮ್ಮದೇ ಧರ್ಮದ ಅರಸನಿದ್ದರೆ ಎಲ್ಲ ಸರಿಯಾಗುತ್ತಿತ್ತೇ? ಅದಕ್ಕೂ ನಮ್ಮ ಧರ್ಮಕ್ಷೇತ್ರದ ಚರಿತ್ರೆಯಲ್ಲಿ ಉತ್ತರವಿದೆ. ಪದ್ರುವಾದೊ ಎಂಬ ಪದವನ್ನು ಹಿರಿಯರು ಕೇಳಿರಬಹುದು. ಪೂರ್ವದೇಶಗಳಲ್ಲಿ ಚರ್ಚುಗಳನ್ನು ಪೋಷಿಸುವ ಭಾರ ಹೊತ್ತುಕೊಂಡ ಪೋರ್ಚುಗಲಿನ ರಾಜನಿಗೆ ಜಗದ್ಗುರುಗಳು ಕೊಟ್ಟ ಪೋಷಕತ್ವ ಅದು. ಅದರೊಂದಿಗೆ ಧರ್ಮಾಧ್ಯಕ್ಷರನ್ನು ಸೂಚಿಸುವ ಅಧಿಕಾರವೂ ಹೋಯಿತು. 1838ರಲ್ಲಿ ಜಗದ್ಗುರು 16ನೇ ಗ್ರೆಗೊರಿಯವರು ಭಾರತದ ಹಲವು ಭಾಗಗಳಲ್ಲಿ ಈ ಅಧಿಕಾರವನ್ನು ಮೊಟಕುಗೊಳಿಸಿದಾಗ ರೋಮಿನ ಕಡೆಯವರು, ಗೋವಾದ ಕಡೆಯವರು ಎಂದು ನಮ್ಮ ಜನರೇ ಎರಡಾದರು. ಕಡೆಗೆ 1886ರಲ್ಲಿ ರೋಮಿಗೂ ಪೋರ್ಚುಗಲಿಗೂ ಒಪ್ಪಂದವಾಯಿತು. ಮುಂಬಯಿ, ಕೊಲ್ಲಂ, ತಿರುಚಿನಾಪಳ್ಳಿ ಮತ್ತು ನಮ್ಮ ಮಂಗಳೂರು, ಈ ನಾಲ್ಕು ಪೀಠಗಳಿಗೆ ಧರ್ಮಾಧ್ಯಕ್ಷರ ಹೆಸರನ್ನು ಜಗದ್ಗುರುಗಳ ಮುಂದಿಡುವ ಹಕ್ಕು ಪೋರ್ಚುಗಲಿನ ರಾಜನಿಗೆ ಉಳಿಯಿತು. ಮಂಗಳೂರು ಇದ್ದದ್ದು ಬ್ರಿಟಿಷರ ಆಳ್ವಿಕೆಯಲ್ಲಿ; ಅದರ ಧರ್ಮಾಧ್ಯಕ್ಷರ ವಿಷಯದಲ್ಲಿ ಮಾತು ಲಿಸ್ಬನ್ನಿನದು!

ಇದರಲ್ಲಿ ಇನ್ನೊಂದು ವಿಚಿತ್ರವಿದೆ. 1910ರಲ್ಲಿ ಪೋರ್ಚುಗಲ್ ತನ್ನ ರಾಜನನ್ನು ಓಡಿಸಿ ಗಣರಾಜ್ಯವಾಯಿತು. 1911ರಲ್ಲಿ ಧರ್ಮಸಭೆಯನ್ನೂ ಸರ್ಕಾರವನ್ನೂ ಬೇರ್ಪಡಿಸುವ ಕಠಿಣ ಕಾನೂನು ಮಾಡಿತು. ಆದರೆ ಪೂರ್ವದ ಪದ್ರುವಾದೊವನ್ನು ಮಾತ್ರ ಬಿಡಲಿಲ್ಲ. 1928ರ ಒಪ್ಪಂದದಲ್ಲಿ ರಾಜನ ಜಾಗಕ್ಕೆ ಅಧ್ಯಕ್ಷ ಬಂದ. ಇದು ಕೊನೆಗೊಂಡದ್ದು 1950ರ ಜುಲೈ 18ರಂದು. ಭಾರತ ಗಣರಾಜ್ಯವಾಗಿ ಆರು ತಿಂಗಳು ತುಂಬುವ ಮೊದಲು ಪೋರ್ಚುಗಲ್ ಮಂಗಳೂರು ಸೇರಿದಂತೆ ಈ ಪೀಠಗಳ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಮಂಗಳೂರಿನ ಧರ್ಮಾಧ್ಯಕ್ಷರನ್ನು ನೇಮಿಸಲು ಜಗದ್ಗುರುಗಳು ಯಾವ ಸರ್ಕಾರವನ್ನೂ ಕೇಳಬೇಕಾಗಿಲ್ಲ ಎಂಬ ಸ್ವಾತಂತ್ರ್ಯ ಬಂದದ್ದು ಕ್ರೈಸ್ತ ರಾಜರ ಕಾಲದಲ್ಲಿ ಅಲ್ಲ, ಜಾತ್ಯತೀತ ಭಾರತದಲ್ಲಿ.

ಆ ಭಾರತದ ಸಂವಿಧಾನವನ್ನು ಬರೆದ ಸಭೆಯಲ್ಲಿ ನಮ್ಮವರೊಬ್ಬರಿದ್ದರು. 1897ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು, ಮದ್ರಾಸಿನ ಲೊಯೊಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ವಂದನೀಯ ಜೆರೋಮ್ ಡಿ'ಸೋಜರು ಮದ್ರಾಸ್ ಪ್ರಾಂತ್ಯದಿಂದ ಆಯ್ಕೆಯಾಗಿ ಹೋದವರು. ಮೊದಲ ಕರಡಿನಲ್ಲಿ ಮದ್ರಾಸ್ ಮತ್ತು ಮುಂಬಯಿ ಶಾಸನಸಭೆಗಳಲ್ಲಿ ಕ್ರೈಸ್ತರಿಗೆ ಮೀಸಲು ಸ್ಥಾನಗಳಿದ್ದವು. 1949ರ ಮೇ ತಿಂಗಳಲ್ಲಿ ಅವುಗಳನ್ನು ಬಿಡುವ ನಿರ್ಧಾರಕ್ಕೆ ಕ್ರೈಸ್ತ ಸದಸ್ಯರು ಒಪ್ಪಿದರು. ಜೆರೋಮ್ ಸ್ವಾಮಿಗಳೂ ಒಪ್ಪಿದರು. ಸ್ಥಾನಗಳು ಹೋದವು, ಮೂಲಭೂತ ಹಕ್ಕುಗಳು ಉಳಿದವು: 25ನೇ ವಿಧಿಯಲ್ಲಿ ಪ್ರತಿಯೊಬ್ಬನಿಗೂ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ; 26ರಲ್ಲಿ ಪ್ರತಿಯೊಂದು ಪಂಥಕ್ಕೂ ತನ್ನ ಧಾರ್ಮಿಕ ವಿಷಯಗಳನ್ನು ತಾನೇ ನೋಡಿಕೊಳ್ಳುವ ಹಕ್ಕು; 30ರಲ್ಲಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು. ‘ಪ್ರಚಾರ’ ಎಂಬ ಪದಕ್ಕೆ 1977ರಲ್ಲಿ ಸುಪ್ರೀಂ ಕೋರ್ಟು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಅರ್ಥ ಹೇಳಿತು. ಆ ತೀರ್ಪು ನಮಗೆ ತೃಪ್ತಿ ಕೊಟ್ಟಿಲ್ಲ. ಅದನ್ನು ಬೇರೆ ಲೇಖನದಲ್ಲಿ ನೋಡಬೇಕು.

ಕಾಗದದ ಮೇಲಿನ ಹಕ್ಕು ನಿಜವಾಗಿ ಎಷ್ಟು ಬಲವಾದದ್ದು ಎಂದು ತಿಳಿಯುವುದು ಯಾರಾದರೂ ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋದಾಗ. ಹೋದವರು ಶಿರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು.

ಅವರು 1919ರಲ್ಲಿ, ಇನ್ನೂ ಬಾಲಕರಾಗಿರುವಾಗಲೇ, ಪೀಠಕ್ಕೆ ಬಂದವರು. 1926ರಲ್ಲಿ ವಯಸ್ಕರಾಗಿ ಆಡಳಿತ ವಹಿಸಿಕೊಂಡಾಗ ಮಠದ ಮೇಲೆ ದೊಡ್ಡ ಸಾಲವಿತ್ತು. ಬಹುಪಾಲು ತೀರಿಸಿದರು. ಆದರೆ ಉಡುಪಿಯ ಶ್ರೀಕೃಷ್ಣ ಮಠದ ಪೂಜೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಪದ್ಧತಿ ನಮಗೆಲ್ಲ ಗೊತ್ತಿರುವುದೇ. ಸರದಿ ಬಂದ ಮಠ ಅನ್ನದಾನ, ಉತ್ಸವಗಳ ಖರ್ಚನ್ನೆಲ್ಲ ಹೊರಬೇಕು. 1946ರಲ್ಲಿ ಸ್ವಾಮಿಗಳ ಎರಡನೆಯ ಪರ್ಯಾಯ ಬಂತು. ಯುದ್ಧ ಆಗತಾನೇ ಮುಗಿದ ಕಾಲ. ಸಾಮಾನಿಗೆ ಅಭಾವ, ಬೆಲೆ ದುಬಾರಿ. ಸಾಲ ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿಗೆ ಏರಿತು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಅಲ್ಲಿಯ ಹಿಂದೂ ಧಾರ್ಮಿಕ ದತ್ತಿ ಮಂಡಳಿ ಮಧ್ಯೆ ಬಂದು, ಮಠಕ್ಕೆ ಒಬ್ಬ ವ್ಯವಸ್ಥಾಪಕನನ್ನು ನೇಮಿಸಿ ಎಂದಿತು. 1948ರ ಡಿಸೆಂಬರಿನಲ್ಲಿ ಸ್ವಾಮಿಗಳು ಒಬ್ಬರಿಗೆ ಮುಖ್ತ್ಯಾರುಪತ್ರ ಬರೆದುಕೊಟ್ಟರು. ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಸ್ವಾಮಿಗಳು ಆ ಅಧಿಕಾರವನ್ನು ಹಿಂತೆಗೆದುಕೊಂಡಾಗ ಮಂಡಳಿ ಮಠದ ಆಡಳಿತಕ್ಕೆ ತಾನೇ ಒಂದು ಯೋಜನೆ ಗೊತ್ತುಮಾಡಲು ಹೊರಟಿತು. ಸ್ವಾಮಿಗಳು ಮದ್ರಾಸ್ ಹೈಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಇನ್ನೂ ಬಿಗಿಯಾದ 1951ರ ಧಾರ್ಮಿಕ ದತ್ತಿ ಕಾಯ್ದೆಯನ್ನು ತಂದಿತು. ಹೈಕೋರ್ಟಿನಲ್ಲಿ ಸ್ವಾಮಿಗಳು ಗೆದ್ದರು. ಕಮಿಷನರು ಸುಪ್ರೀಂ ಕೋರ್ಟಿಗೆ ಅಪೀಲು ಹೋದರು. 1954ರ ಮಾರ್ಚ್ 16ರಂದು ಏಳು ನ್ಯಾಯಮೂರ್ತಿಗಳ ಪೀಠ ಅಪೀಲನ್ನು ವಜಾ ಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ಬಿಜನ್ ಕುಮಾರ್ ಮುಖರ್ಜಿ.

ಆ ಕಾಯ್ದೆಯಲ್ಲಿ ಏನಿತ್ತು? ಕಮಿಷನರಾಗಲಿ ಅವರ ಕೈಕೆಳಗಿನ ಅಧಿಕಾರಿಗಳಾಗಲಿ ಧಾರ್ಮಿಕ ಸಂಸ್ಥೆಯ ಯಾವ ಭಾಗಕ್ಕೂ ಯಾವಾಗ ಬೇಕಾದರೂ ಪ್ರವೇಶಿಸಬಹುದಿತ್ತು. ಭಕ್ತರು ಸ್ವಾಮಿಗಳಿಗೆ ಕೊಡುವ ಪಾದಕಾಣಿಕೆಗೂ ಲೆಕ್ಕ ಒಪ್ಪಿಸಬೇಕಿತ್ತು. ಮಠಕ್ಕೆ ವ್ಯವಸ್ಥಾಪಕನನ್ನು ಹೇರಬಹುದಿತ್ತು. ಆದಾಯದಲ್ಲಿ ಶೇಕಡಾ 5ರವರೆಗೆ ಸರ್ಕಾರಕ್ಕೆ ವರ್ಷಾವಧಿ ವಂತಿಗೆ ಕಟ್ಟಬೇಕಿತ್ತು. ಕೋರ್ಟು ಇವನ್ನೆಲ್ಲ ರದ್ದು ಮಾಡಿತು. ವಂತಿಗೆಯ ವಿಷಯದಲ್ಲಿ, ಅದು ಸೇವೆಗೆ ಕೊಡುವ ಶುಲ್ಕವಲ್ಲ, ಹೆಸರು ಬದಲಿಸಿದ ತೆರಿಗೆ, ಅದನ್ನು ಹಾಕುವ ಅಧಿಕಾರ ರಾಜ್ಯದ ಶಾಸನಸಭೆಗೆ ಇಲ್ಲ ಎಂದಿತು. ಆದರೆ ಎಲ್ಲವನ್ನೂ ರದ್ದು ಮಾಡಲಿಲ್ಲ. ಆಸ್ತಿಯ ದಾಖಲೆ ಇಡಬೇಕು, ಮಠದ ಭೂಮಿಯನ್ನು ಮನಸ್ಸು ಬಂದಂತೆ ಪರಭಾರೆ ಮಾಡಬಾರದು ಎಂಬಂಥ ನಿಯಮಗಳು ಉಳಿದವು.

ನಾವು ಮನಸ್ಸಿಟ್ಟು ಕೇಳಬೇಕಾದ್ದು ಧರ್ಮವೆಂದರೇನು ಎಂಬ ಪ್ರಶ್ನೆಗೆ ಕೋರ್ಟು ಕೊಟ್ಟ ಉತ್ತರ. ಧರ್ಮ ಎಂದರೆ ಮನಸ್ಸಿನೊಳಗಿನ ನಂಬಿಕೆ; ಹಣ, ಆಳು, ಸಾಮಾನು ಬಳಸುವ ಹೊರಗಿನ ಕೆಲಸವೆಲ್ಲ ಲೌಕಿಕ, ಅದನ್ನು ನಾವು ನಿಯಂತ್ರಿಸುತ್ತೇವೆ ಎಂಬುದು ಸರ್ಕಾರದ ವಾದ. ಅಮೆರಿಕದ ಸುಪ್ರೀಂ ಕೋರ್ಟು 1890ರಲ್ಲಿ, ಮೊರ್ಮೊನ್ ಪಂಥದವರ ಒಂದು ಮೊಕದ್ದಮೆಯಲ್ಲಿ, ಧರ್ಮವೆಂದರೆ ಮನುಷ್ಯನಿಗೆ ತನ್ನ ಸೃಷ್ಟಿಕರ್ತನೊಂದಿಗಿರುವ ಸಂಬಂಧದ ಬಗೆಗಿನ ನಂಬಿಕೆ, ಪೂಜಾಪದ್ಧತಿಯೇ ಬೇರೆ ಎಂದು ಹೇಳಿತ್ತು. ನ್ಯಾಯಮೂರ್ತಿ ಮುಖರ್ಜಿಯವರು ಅದನ್ನು ಎತ್ತಿಕೊಂಡು, ಈ ವ್ಯಾಖ್ಯೆ ನಮಗೆ ಸಾಲದು ಎಂದರು. ಸೃಷ್ಟಿಕರ್ತನನ್ನು ಒಪ್ಪದ ಜೈನ, ಬೌದ್ಧ ಧರ್ಮಗಳೂ ಈ ನೆಲದಲ್ಲಿ ಧರ್ಮಗಳೇ. ಸಾವಿರ ಕಂಬದ ಬಸದಿಯ ನೆರಳಿನಲ್ಲಿ ಬೆಳೆದ ಮೂಡುಬಿದಿರೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಧರ್ಮಕ್ಕೆ ನಂಬಿಕೆಯಷ್ಟೇ ಅಲ್ಲ, ವಿಧಿಗಳೂ ಆಚರಣೆಗಳೂ ಇರುತ್ತವೆ. ಅವು ಆಹಾರಕ್ಕೂ ಉಡುಪಿಗೂ ಹಬ್ಬಬಹುದು. ಇಂಥ ಹೊತ್ತಿಗೆ ನೈವೇದ್ಯ, ಇಂಥ ಕಾಲಕ್ಕೆ ಉತ್ಸವ, ಗ್ರಂಥಪಾರಾಯಣ ಎಂದು ಒಂದು ಧರ್ಮ ವಿಧಿಸಿದರೆ, ಅದಕ್ಕೆ ಹಣ ಖರ್ಚಾಗುತ್ತದೆಂಬ ಕಾರಣಕ್ಕೆ ಅದು ವ್ಯಾಪಾರವಾಗುವುದಿಲ್ಲ. ಯಾವುದು ಒಂದು ಧರ್ಮಕ್ಕೆ ಅಗತ್ಯ ಎಂಬುದನ್ನು ಮೊದಲಿಗೆ ಆ ಧರ್ಮದ ಬೋಧನೆಯಿಂದಲೇ ತಿಳಿಯಬೇಕು. ಇದು ತೀರ್ಪಿನ ಸಾರ.

ಈಗ ನಮ್ಮ ಚರ್ಚಿಗೆ ಬನ್ನಿ. ಬಲಿಪೂಜೆಯ ದ್ರಾಕ್ಷಾರಸ, ರೊಟ್ಟಿ, ಮೇಣದ ಬತ್ತಿ, ತಪಸ್ಸು ಕಾಲದ ಉಪವಾಸ, ಬೂದಿ, ಸಿಸ್ಟರುಗಳ ನಿಲುವಂಗಿ, ತೆನೆ ಹಬ್ಬದ ದಿನ ಆಶೀರ್ವದಿಸಿ ಮನೆಗೆ ಕಳುಹಿಸುವ ಭತ್ತದ ತೆನೆ. ಇವೆಲ್ಲ ಬರಿಯ ವಸ್ತುಗಳೆಂದು ಒಬ್ಬ ಅಧಿಕಾರಿ ಹೇಳಿದರೆ, ಅವು ನಮ್ಮ ಧರ್ಮಾಚರಣೆ ಎಂದು ಉತ್ತರಿಸಲು ನಮಗೆ ಬಲ ಕೊಡುವುದು ಒಂದು ಹಿಂದೂ ಮಠ ತನ್ನ ಖರ್ಚಿನಲ್ಲಿ ಗೆದ್ದುಕೊಂಡ ತೀರ್ಪು. ಧರ್ಮಸ್ವಾತಂತ್ರ್ಯ ಅಲ್ಪಸಂಖ್ಯಾತರಿಗೆ ಕೊಟ್ಟ ರಿಯಾಯಿತಿ ಎಂದು ಹೊರಗಿನವರೂ ಕೆಲವೊಮ್ಮೆ ನಾವೂ ಭಾವಿಸುತ್ತೇವೆ. ಈ ಮೊಕದ್ದಮೆಯ ಚರಿತ್ರೆ ಓದಿದವರು ಹಾಗೆ ಹೇಳಲಾರರು.

ಎರಡನೆಯ ತೀರ್ಪು ಮೂಲ್ಕಿಯದು. ಅಲ್ಲಿಯ ಶ್ರೀ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದು. 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯ್ದೆ ದಲಿತರಿಗೆ ದೇವಸ್ಥಾನಗಳ ಬಾಗಿಲು ತೆರೆದಾಗ, ಇದು ನಮ್ಮ ಸಮಾಜದ ದೇವಸ್ಥಾನ, ಯಾರು ಒಳಗೆ ಬರಬೇಕೆಂಬುದು ನಮ್ಮ ಧಾರ್ಮಿಕ ವಿಷಯ ಎಂದು ಧರ್ಮದರ್ಶಿಗಳು ದಾವೆ ಹೂಡಿದರು. 1957ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ದೇವಸ್ಥಾನ ಅವರ ಪಂಥದ್ದೇ ಹೌದು, ಪ್ರವೇಶದ ಪ್ರಶ್ನೆ ಧಾರ್ಮಿಕವೂ ಹೌದು. ಆದರೂ ಎಲ್ಲ ವರ್ಗದ ಹಿಂದೂಗಳಿಗೆ ಬಾಗಿಲು ತೆರೆಯುವ ಕಾನೂನಿಗೆ ಅದು ಮಣಿಯಬೇಕು ಎಂದಿತು. ಸಮಾಜದವರಿಗೇ ಮೀಸಲಾದ ಕೆಲವು ಸೇವೆಗಳನ್ನು ಉಳಿಸಿತು.

ಆ ವಿಧಿ ಹಿಂದೂ ಸಂಸ್ಥೆಗಳ ಬಗ್ಗೆ ಮಾತಾಡುತ್ತದೆ. ಸಿಖ್, ಜೈನ, ಬೌದ್ಧರನ್ನೂ ಸೇರಿಸಿಕೊಳ್ಳುತ್ತದೆ. ನಮ್ಮನ್ನು ಸೇರಿಸಿಲ್ಲ. ಸಂಬಂಧ ನೋಡುವಾಗ ಬಾಮಣ್, ಚಾರಡಿ, ಸುದಿರ್ ಎಂದು ಪಿಸುಗುಟ್ಟುವ ನಮ್ಮ ಮನೆಗಳ ಬಾಗಿಲನ್ನು ಯಾವ ಕೋರ್ಟೂ ಬಂದು ತೆರೆಯುವುದಿಲ್ಲ. ಅದನ್ನು ನಾವೇ ತೆರೆಯಬೇಕು. ಇನ್ನೂ ಪೂರ್ತಿ ತೆರೆದಿಲ್ಲ.

ಮಕ್ಕಳ ಪ್ರಶ್ನೆಗೆ ಹಿಂದಿರುಗೋಣ. ಕ್ರಿಸ್ತರಾಜರ ಹಬ್ಬವನ್ನು 1925ರ ಡಿಸೆಂಬರಿನಲ್ಲಿ ಸ್ಥಾಪಿಸಿದವರು ಜಗದ್ಗುರು 11ನೇ ಪಿಯುಸ್. ರಾಷ್ಟ್ರಗಳೂ ಕ್ರಿಸ್ತನ ಅರಸುತನವನ್ನು ಬಹಿರಂಗವಾಗಿ ಒಪ್ಪಬೇಕು ಎಂಬುದು ಅವರ ಆಶಯವಾಗಿತ್ತು. ಸರ್ಕಾರವೇ ಕಥೋಲಿಕ ಧರ್ಮವನ್ನು ಎತ್ತಿಹಿಡಿಯಬೇಕೆಂಬ ಭಾವನೆ ಆಗ ಧರ್ಮಸಭೆಯಲ್ಲಿ ಬಲವಾಗಿತ್ತು, ಇದನ್ನು ಮುಚ್ಚಿಡಬೇಕಾಗಿಲ್ಲ. ಅದೇ 1925ರಲ್ಲಿ ಅಮೆರಿಕದ ಓರೆಗನ್ ರಾಜ್ಯ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂದು ಮಾಡಿದ್ದ ಕಾನೂನನ್ನು, ಶಾಲೆ ನಡೆಸುತ್ತಿದ್ದ ಧರ್ಮಭಗಿನಿಯರ ದೂರಿನ ಮೇಲೆ, ಅಲ್ಲಿಯ ಸುಪ್ರೀಂ ಕೋರ್ಟು ರದ್ದು ಮಾಡಿತು. ಆ ತೀರ್ಪನ್ನು ಇದೇ ಪಿಯುಸ್ ಜಗದ್ಗುರುಗಳು 1929ರಲ್ಲಿ ಶಿಕ್ಷಣದ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಮೆಚ್ಚಿ ನೆನೆದರು. ಧರ್ಮವಿಲ್ಲದ ಸರ್ಕಾರದ ನ್ಯಾಯಾಲಯವೊಂದು ಸಿಸ್ಟರುಗಳನ್ನು ಕಾಪಾಡಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಧರ್ಮಸ್ವಾತಂತ್ರ್ಯದ ಘೋಷಣೆಯನ್ನು ಹೊರಡಿಸಿ, ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಕೂಡದು, ಅದು ಮನುಷ್ಯನ ಘನತೆಗೆ ಸೇರಿದ್ದು ಎಂದು ಬೋಧಿಸಿತು. ನಮ್ಮ ಸಂವಿಧಾನಕ್ಕೆ ಆಗ 15 ವರ್ಷ. ಪಿಲಾತನ ಮುಂದೆ ಯೇಸುಸ್ವಾಮಿ ತನ್ನ ರಾಜ್ಯ ಈ ಲೋಕದ ರಾಜ್ಯಗಳಂತಲ್ಲ, ಅದಕ್ಕಾಗಿ ಕಾದಾಡುವ ಸೈನಿಕರಿಲ್ಲ ಎಂದು ತಿಳಿಸಿದ್ದನ್ನು ಧರ್ಮಸಭೆ ಹೊಸದಾಗಿ ಕೇಳಿಸಿಕೊಂಡ ಗಳಿಗೆ ಅದು ಎಂದು ನಾನು ತಿಳಿಯುತ್ತೇನೆ.

ಇನ್ನು ಗೋಡೆಯ ಮಾತು. ಅದು ಅಮೆರಿಕದಲ್ಲೂ ನೆಟ್ಟಗಿಲ್ಲ: 1947ರಲ್ಲಿ ನ್ಯೂಜೆರ್ಸಿಯ ಕಥೋಲಿಕ ಶಾಲೆಯ ಮಕ್ಕಳ ಬಸ್ ಖರ್ಚನ್ನು ಸರ್ಕಾರ ಕೊಡಬಹುದೇ ಎಂಬ ಪ್ರಶ್ನೆಗೆ ಅಲ್ಲಿಯ ಕೋರ್ಟು, ಗೋಡೆಯನ್ನು ಹೊಗಳುತ್ತಲೇ, ಐದಕ್ಕೆ ನಾಲ್ಕು ಮತದಿಂದ ಕೊಡಬಹುದು ಎಂದಿತು. ನಮ್ಮಲ್ಲಿ ಗೋಡೆಗಿಂತ ಬಾಗಿಲೇ ಹೆಚ್ಚು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆಯವರು ಶಿವನ ದೇವಸ್ಥಾನವನ್ನು ನೋಡಿಕೊಳ್ಳುತ್ತಾರೆ, ವೈಷ್ಣವ ಅರ್ಚಕರು ಪೂಜೆ ಮಾಡುತ್ತಾರೆ. ಇಂಥ ನಾಡಿನಲ್ಲಿ ಸರ್ಕಾರವೂ ಎಲ್ಲರೊಡನೆ ಕೊಡುಕೊಳ್ಳುವಿಕೆ ಇಟ್ಟುಕೊಂಡಿದೆ. ನಮ್ಮ ಅನುದಾನಿತ ಶಾಲೆಗಳ ಶಿಕ್ಷಕರ ಸಂಬಳ ಸರ್ಕಾರದಿಂದ ಬರುತ್ತದೆ. ಅದಕ್ಕೆ ಪ್ರತಿಯಾಗಿ, 28ನೇ ವಿಧಿಯಂತೆ, ಆ ಶಾಲೆಯಲ್ಲಿ ಯಾವ ಮಗುವನ್ನೂ ಹೆತ್ತವರ ಒಪ್ಪಿಗೆಯಿಲ್ಲದೆ ಧರ್ಮೋಪದೇಶಕ್ಕೆ ಕೂರಿಸುವಂತಿಲ್ಲ.

ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಗುರುಗಳು, ಧರ್ಮಭಗಿನಿಯರು ತಮ್ಮ ಸಂಬಳವನ್ನು ಬಡತನದ ವ್ರತದಂತೆ ಸಭೆಗೆ ಒಪ್ಪಿಸುತ್ತಾರೆ. ಆದ್ದರಿಂದ ಮೂಲದಲ್ಲೇ ಆದಾಯ ತೆರಿಗೆ ಕಡಿಯಬಾರದು ಎಂದು ವಾದಿಸಿ ಹೂಡಿದ ಮೊಕದ್ದಮೆಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. 2024ರ ನವೆಂಬರಿನಲ್ಲಿ ಕೋರ್ಟು ಅವನ್ನು ತಳ್ಳಿಹಾಕಿತು: ಸಂಬಳ ವ್ಯಕ್ತಿಯ ಕೈಗೆ ಬರುತ್ತದೆ, ಆಮೇಲೆ ಅದನ್ನು ಯಾರಿಗೆ ಕೊಟ್ಟರೂ ತೆರಿಗೆ ತೆರಿಗೆಯೇ. ನಮ್ಮಲ್ಲಿ ಕೆಲವರು ಇದನ್ನು ಧರ್ಮದ ಮೇಲಿನ ಆಕ್ರಮಣವೆಂದರು. ನನಗೆ ಹಾಗೆ ಕಾಣುವುದಿಲ್ಲ. ಶಿರೂರು ಮಠದ ತೀರ್ಪು ಪೂಜೆಯನ್ನು ಕಾಪಾಡಿ, ಆಸ್ತಿಯ ದಾಖಲೆಯನ್ನು ಕಾನೂನಿಗೆ ಬಿಟ್ಟಿತ್ತು. ದಿನಾರಿ ನಾಣ್ಯವನ್ನು ಕೈಯಲ್ಲಿ ಹಿಡಿದು ಯೇಸುಸ್ವಾಮಿ ಕೇಳಿದ ಪ್ರಶ್ನೆಯೂ ಅದರ ಮೇಲೆ ಯಾರ ಮುದ್ರೆಯಿದೆ ಎಂಬುದೇ ಆಗಿತ್ತು.

ಇದಕ್ಕಿಂತ ಕಷ್ಟದ್ದು ನಾವಾಗಿಯೇ ಕೇಳಿ ಪಡೆಯುವ ಹಣ. ರಾಜ್ಯ ಸರ್ಕಾರ ಕಳೆದ ಕೆಲವು ವರ್ಷಗಳಲ್ಲಿ ಚರ್ಚುಗಳ ದುರಸ್ತಿಗೆ, ಸಮುದಾಯ ಭವನಗಳಿಗೆ, ಸ್ಮಶಾನದ ಆವರಣಗೋಡೆಗಳಿಗೆ ಅನುದಾನ ಕೊಟ್ಟಿದೆ. ಸಭಾಭವನ ಎಲ್ಲರ ಉಪಯೋಗಕ್ಕೆ ಬರುತ್ತದೆ; ಸ್ಮಶಾನ ಬಡವನಿಗೂ ಬೇಕು. ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಪೂಜಾಪೀಠವನ್ನೂ ಅದೇ ಹಣದಿಂದ ಕಟ್ಟಬೇಕೇ? ನಮ್ಮ ಹಿರಿಯರು ಶ್ರೀರಂಗಪಟ್ಟಣದಿಂದ 1799ರ ನಂತರ ಬರಿಗೈಯಲ್ಲಿ ಹಿಂದಿರುಗಿ ಮತ್ತೆ ಇಗರ್ಜಿಗಳನ್ನು ಎಬ್ಬಿಸಿದವರು. ಅನುದಾನದ ಕಡತ ತೆರೆದಲ್ಲಿ ತಪಾಸಣೆಗೆ ಅಧಿಕಾರಿ ಬರುತ್ತಾನೆ, ಬಿಲ್ಲು ಕೇಳುತ್ತಾನೆ, ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸುವವರೂ ಬರುತ್ತಾರೆ. ಹಾಗೆ ಬಂದವರನ್ನು ಗರ್ಭಗುಡಿಯ ಹೊರಗೆ ನಿಲ್ಲಿಸಲು ಲಕ್ಷ್ಮೀಂದ್ರ ತೀರ್ಥರಿಗೆ ನಾಲ್ಕು ವರ್ಷಗಳ ವ್ಯಾಜ್ಯ ಬೇಕಾಯಿತು. ಅವರು ಆ ಅಧಿಕಾರಿಗಳನ್ನು ಅರ್ಜಿ ಹಾಕಿ ಕರೆದವರೂ ಅಲ್ಲ.